ಉಪ್ಪನ ಲಕೋಟೆ ಮತ್ತು ನನ್ನ ಕ್ಲಾಟ್

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಅಂಗಡಿಗೆ ಒಂದು ಲಕೋಟೆ ಬಂತು. ಉಪ್ಪಳದ ಹತ್ತಿರ ಹೆದ್ದಾರಿ ಬದಿಯಲ್ಲಿ ಉಪ್ಪನಿಗೆ ಒಂದು ಜಿನಸಿನ ಅಂಗಡಿ ಇತ್ತು. ಅಜ್ಜನ ಕಾಲದ ಜಾಗ, ಮುಂದೆ ಅಂಗಡಿ, ಹಿಂದೆ ಅಕ್ಕಿ ಮೂಟೆ ಇಡಲಿಕ್ಕೆ ಒಂದು ಸಣ್ಣ ಗೋಡೌನು. ಲಕೋಟೆಯೊಳಗಿನ ಕಾಗದ ಪೂರ್ತಿ ಮಲಯಾಳದಲ್ಲಿತ್ತು. ಉಪ್ಪ ಅದನ್ನು ಮಡಚಿ ಸಾಲದ ಪುಸ್ತಕದೊಳಗೆ ಇಟ್ಟರು. ಯಾರಾದರೂ ಓದಲಿಕ್ಕೆ ಬರುವವರು ಸಿಕ್ಕಿದರೆ ಕೇಳುವ ಅಂತ.

ಉಪ್ಪನಿಗೆ ಮಲಯಾಳ ಗೊತ್ತಿಲ್ಲ ಅಂತಲ್ಲ. ಕಾಸರಗೋಡಿನಿಂದ ಬರುವ ಲೈನ್ ಸೇಲಿನವರ ಜೊತೆ ಮಲಯಾಳದಲ್ಲೇ ಜಗಳ ಮಾಡುತ್ತಾರೆ. ಮದ್ರಸದಲ್ಲಿ ಅವರು ಓದಿದ ಕಿತಾಬುಗಳೂ ಮಲಯಾಳವೇ, ಆದರೆ ಅರಬಿ ಅಕ್ಷರದಲ್ಲಿ ಬರೆದ ಮಲಯಾಳ. ನಮ್ಮ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಮಲಯಾಳ, ಮನೆಯಲ್ಲಿ ಬ್ಯಾರಿ. ಆ ನೋಟಿಸಿನ ಅದೇ ಮಾತುಗಳನ್ನು ಅರಬಿ ಅಕ್ಷರದಲ್ಲಿ ಬರೆದಿದ್ದರೆ ಉಪ್ಪ ಗಲ್ಲೆಯಲ್ಲಿ ಕೂತಲ್ಲೇ ಓದಿ ಮುಗಿಸುತ್ತಿದ್ದರು. ಮಲಯಾಳ ಲಿಪಿ ಮಾತ್ರ ಅವರಿಗೆ ಬರುವುದಿಲ್ಲ.

ಕೊನೆಗೆ ಓದಿದ್ದು ಮಸೀದಿಯ ಉಸ್ತಾದರು. ಹೆದ್ದಾರಿ ಅಗಲ ಮಾಡಲಿಕ್ಕೆ ಜಾಗ ಹೋಗುತ್ತದೆ, ದಾಖಲೆ ಹಿಡಿದುಕೊಂಡು ಇಂಥ ದಿನ ವಿಚಾರಣೆಗೆ ಬರಬೇಕು ಅಂತ ಇತ್ತು. ಆ ದಿನ ಹೋಗಿ ಒಂಬತ್ತು ದಿನ ಆಗಿತ್ತು. ಮತ್ತೆ ದುಡ್ಡು ಬಂತು, ಅಂಗಡಿ ಹೋಯಿತು. ಬಂದ ದುಡ್ಡಿನ ಲೆಕ್ಕದಲ್ಲಿ ಗೋಡೌನು ಸೇರಿಲ್ಲ ಅಂತ ಉಪ್ಪನಿಗೆ ಸಂಶಯ. ಆದರೆ ಯಾರ ಹತ್ತಿರ ಕೇಳುವುದು? "ಅಲ್ಲಾಹು ಬರೆದದ್ದು ಅಷ್ಟೇ" ಅಂತ ಬಿಟ್ಟರು. ಈಗ ಒಳದಾರಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದು ಅಂಗಡಿ ಇಟ್ಟಿದ್ದಾರೆ.

ನಾನು ಲಾ ಓದುತ್ತೇನೆ ಅಂದದ್ದು ಇದೇ ಕಾರಣಕ್ಕೆ ಅಂತ ಹೇಳಿದರೆ ಸಿನಿಮಾ ಆಗುತ್ತದೆ. ನಿಜ ಹೇಳಬೇಕಾದರೆ, ಪ್ಲಸ್ ಟುವಿನಲ್ಲಿ ಹ್ಯುಮಾನಿಟೀಸ್ ತೆಗೆದುಕೊಂಡವಳಿಗೆ ಮನೆಯವರು ಒಪ್ಪುವ ದಾರಿಗಳು ಹೆಚ್ಚು ಇರಲಿಲ್ಲ. ಟೀಚರ್ ಆಗು ಅಂದರು ಉಮ್ಮ. ಹುಡುಗಿ ಕೋರ್ಟಿಗೆ ಹೋಗುವುದಾ ಅಂತ ಕೇಳಿದರು ಒಬ್ಬರು ಸಂಬಂಧಿಕರು. ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆ ಫಾತಿಮಾ ಬೀವಿ ನಮ್ಮದೇ ಕೇರಳದವರು, 1989ರಲ್ಲೇ ಆದರು ಅಂತ ಹೇಳಿದೆ. ಅವರು ಸುಮ್ಮನಾದರು. ಒಪ್ಪಿದರು ಅಂತ ಅರ್ಥ ಅಲ್ಲ.

ಪರೀಕ್ಷೆಯ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನನಗೂ ಹೇಳುವವರು ಯಾರೂ ಇರಲಿಲ್ಲ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲಿಕ್ಕೆ ಕ್ಲಾಟ್ ಬರೆಯಬೇಕು. 120 ಪ್ರಶ್ನೆ, 120 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಮತ್ತು ಹತ್ತನೇ ಕ್ಲಾಸಿನ ಮಟ್ಟದ ಸ್ವಲ್ಪ ಲೆಕ್ಕ. ಲೆಕ್ಕಕ್ಕೆ ಹೆದರುವವರು ಹೆದರಬೇಡಿ, ಅದು ಹತ್ತರಲ್ಲಿ ಒಂದು ಪಾಲು ಮಾತ್ರ. ಹೆದರಬೇಕಾದದ್ದು ಓದಿಗೆ. 2020ರಿಂದ ಎಲ್ಲವೂ ಉದ್ದುದ್ದ ಭಾಗಗಳು, ಸುಮಾರು 450 ಪದದ್ದು. ಓದಿ, ಅದರ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಗುರುತಿಸಬೇಕು. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಇಲ್ಲ, ಮಲಯಾಳವೂ ಇಲ್ಲ. ಆ ಒಂದು ವಿಷಯದಲ್ಲಿ ಎಲ್ಲರೂ ಸಮಾನ ಅಂತ ನಾನು ತಮಾಷೆ ಮಾಡುತ್ತಿದ್ದೆ.

ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಮೊದಲ ಮಾಕ್ ಟೆಸ್ಟಿನಲ್ಲಿ 120ರಲ್ಲಿ 31 ಬಂತು. ತಪ್ಪು ಮಾಡಿದ್ದಕ್ಕಿಂತ ಮುಟ್ಟದೇ ಬಿಟ್ಟದ್ದು ಹೆಚ್ಚು, ಅರ್ಧ ಪೇಪರಿಗೆ ತಲುಪುವಾಗ ಸಮಯ ಮುಗಿದಿತ್ತು. ಮಂಗಳೂರಿನಲ್ಲಿ ಒಂದು ಕಡೆ ಕೋಚಿಂಗ್ ವಿಚಾರಿಸಿದೆವು. ಫೀಸು ಕೇಳಿ ಉಪ್ಪ ಅವರು ಕೊಟ್ಟ ಚಾ ಮುಗಿಸದೆ ಎದ್ದರು. ಮತ್ತೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಡೌನ್‌ಲೋಡ್ ಮಾಡಿ ಅಂಗಡಿಯಲ್ಲೇ ಕೂತು ಓದಲಿಕ್ಕೆ ಶುರು ಮಾಡಿದೆ. ಬೆಳಿಗ್ಗೆ ಸುಬಹಿ ನಮಾಝಿನ ನಂತರ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ, ಗಡಿಯಾರ ಇಟ್ಟುಕೊಂಡು. ಭಾನುವಾರ ಒಂದು ಪೂರ್ತಿ ಪೇಪರು.

ವೇಗ ಬಂದದ್ದು ಒಂದು ವಿಚಿತ್ರ ದಾರಿಯಲ್ಲಿ. ಗೋಡೌನಿನ ವಿಷಯ ಮನಸ್ಸಿನಲ್ಲಿದ್ದ ಕಾರಣ ಒಂದು ದಿನ ಅಟ್ಟದ ಮೇಲಿದ್ದ ಪೆಟ್ಟಿಗೆಯಿಂದ ಅಜ್ಜನ ಕ್ರಯಪತ್ರ ತೆಗೆದೆ. ಕನ್ನಡದಲ್ಲಿದೆ. ಮೂಲಗೇಣಿ, ಚಕ್ಕುಬಂದಿ ಅಂತ ಮಾತುಗಳು, ಒಂದೇ ವಾಕ್ಯ ಎರಡು ಪುಟ ಹೋಗುತ್ತದೆ. ಯಾರು, ಯಾರಿಗೆ, ಯಾವುದನ್ನು, ಯಾವ ಷರತ್ತಿನ ಮೇಲೆ ಅಂತ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಾ ಹೋದೆ. ಮುಗಿಸುವಾಗ ಅನ್ನಿಸಿತು, ಕ್ಲಾಟಿನ ಆ ಭಾಗಗಳೂ ಹೀಗೆಯೇ ಅಲ್ವಾ? ಇಂಗ್ಲಿಷಿನ 'ಷಲ್' ಬಂದಲ್ಲಿ ಮನಸ್ಸಿನಲ್ಲಿ 'ತಕ್ಕದ್ದು' ಅಂತ ಓದಿದೆ. 'ಮೇ' ಅಂದರೆ 'ಬಹುದು'. 'ನಾಟ್‌ವಿತ್‌ಸ್ಟ್ಯಾಂಡಿಂಗ್' ಅಂದರೆ 'ಏನೇ ಇದ್ದರೂ'. ಕನ್ನಡದಲ್ಲಿ ಯೋಚಿಸುವುದು ನನ್ನನ್ನು ನಿಧಾನ ಮಾಡುತ್ತದೆ ಅಂತ ಅಷ್ಟು ದಿನ ನಂಬಿದ್ದೆ. ಕಾನೂನಿನ ವಾಕ್ಯಗಳಲ್ಲಿ ಅದು ಉಲ್ಟಾ ಆಯಿತು. ಸೆಪ್ಟೆಂಬರಿಗೆ 68 ಬರಲಿಕ್ಕೆ ಶುರುವಾಯಿತು.

ಆ ಹೊತ್ತಿಗೆ ಒಂದು ಮಾಕ್ ಪೇಪರಿನಲ್ಲಿ ಕಾನೂನು ಗೊತ್ತಿಲ್ಲ ಎಂಬುದು ಸಮರ್ಥನೆಯಲ್ಲ ಎಂಬ ತತ್ವದ ಮೇಲೆ ಪ್ರಶ್ನೆ ಬಂತು. ಒಬ್ಬ ರೈತ, ಅವನಿಗೆ ಹೊಸ ನಿಯಮ ಗೊತ್ತಿಲ್ಲ, ದಂಡ ಬೀಳುತ್ತದೆ. ಅವನು ಹೊಣೆಯೋ ಅಲ್ಲವೋ? ನಾನು ಅಲ್ಲ ಅಂತ ಗುರುತಿಸಿದೆ. ಕಾಲು ಅಂಕ ಹೋಯಿತು. ಕೆಳಗಿನ ವಿವರಣೆಯಲ್ಲಿ ಬರೆದಿದ್ದರು: ಕೊಟ್ಟ ತತ್ವದೊಳಗೆ ಉತ್ತರಿಸಬೇಕು, ಸ್ವಂತ ಅನುಕಂಪದಿಂದ ಅಲ್ಲ. ಸರಿಯೇ, ಪರೀಕ್ಷೆ ಹಾಗೆಯೇ. ಮುಂದಿನ ಸಲ ಸರಿಯಾಗಿಯೇ ಗುರುತಿಸಿದೆ. ಆದರೆ ಪುಸ್ತಕ ಮುಚ್ಚಿ ಎದುರಿಗೆ ಸಕ್ಕರೆ ತೂಗುತ್ತಿದ್ದ ಉಪ್ಪನನ್ನು ನೋಡಿದೆ. ಕಾನೂನು ಗೊತ್ತಿಲ್ಲದೇ ಇರುವುದು ಒಂದು. ಹೇಳಿದ ಅಕ್ಷರವೇ ಓದಲಿಕ್ಕೆ ಬಾರದೇ ಇರುವುದು ಇನ್ನೊಂದಲ್ವಾ?

ಆ ರಾತ್ರಿ ಪ್ರಚಲಿತ ವಿದ್ಯಮಾನ ಓದುವುದು ಬಿಟ್ಟು 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆ ತೆಗೆದು ಓದಿದೆ. ಜಾಗ ಬೇಕು ಅಂತ ಹೊರಡಿಸುವ ಅಧಿಸೂಚನೆಯ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ದೇಶಭಾಷೆಯದ್ದಾಗಿರಬೇಕು ಅಂತ ಉಂಟು. ಯಾವ ದೇಶಭಾಷೆ ಅಂತ ಇಲ್ಲ. ಮುಂದೆ 3ಜಿ ಕಲಂ. ನಿಗದಿಯಾದ ಪರಿಹಾರ ಒಪ್ಪಿಗೆ ಇಲ್ಲದಿದ್ದರೆ ಮಧ್ಯಸ್ಥಗಾರರ ಮುಂದೆ ಅರ್ಜಿ ಹಾಕಬಹುದು ಅಂತ ಅಲ್ಲೇ ಬರೆದಿದೆ. ಇಷ್ಟು ವರ್ಷ ಅದು ಅಲ್ಲೇ ಇತ್ತು.

ಮೊದಲು ಅಳತೆಯ ಪಟ್ಟಿ ಬೇಕು. ಸಂವಿಧಾನದ 350ನೇ ವಿಧಿ ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ: ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಸುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಎಲ್ಲರಿಗೂ ಉಂಟು. ಹಾಗಾಗಿ ಕನ್ನಡದಲ್ಲೇ ಬರೆದೆ. ಉಪ್ಪ ಕನ್ನಡದಲ್ಲೇ ಸಹಿ ಹಾಕಿದರು. ಕಚೇರಿಯ ಕೌಂಟರಿನಲ್ಲಿದ್ದವರು ಇದನ್ನು ಮಲಯಾಳದಲ್ಲಿ ಬರೆದುಕೊಂಡು ಬನ್ನಿ ಅಂದರು. ನಾನು 350 ಅಂದೆ. ಧ್ವನಿ ನಡುಗುತ್ತಿತ್ತು. ಅವರು ಒಳಗೆ ಹೋಗಿ ಬಂದು ಸೀಲು ಹಾಕಿ ತೆಗೆದುಕೊಂಡರು. ಹೊರಗೆ ಬಂದ ಮೇಲೆ ಉಪ್ಪ ಕೇಳಿದರು, "ಅದೆಂತ ನಂಬ್ರ ಹೇಳಿದ್ದು ನೀನು?"

ಉತ್ತರ ಬಂತು. ಮಲಯಾಳದಲ್ಲಿ! ಆದರೆ ಜೊತೆಗೆ ಅಳತೆಯ ಪಟ್ಟಿಯ ನಕಲು ಇತ್ತು, ಅಂಕೆಗಳಿಗೆ ಭಾಷೆ ಬೇಡ. ಗೋಡೌನು ಅದರಲ್ಲಿ ಇರಲಿಲ್ಲ. ಕಾಸರಗೋಡಿನ ಒಬ್ಬ ವಕೀಲರ ಹತ್ತಿರ ಹೋದೆವು. "ತಡ ಆಗಿದೆ, ಆದರೂ ಹಾಕುವ" ಅಂದರು. ಅರ್ಜಿ ಹಾಕಿದ್ದಾರೆ. ಈ ಬರಹ ಬರೆಯುವಾಗಲೂ ಅದು ಮುಗಿದಿಲ್ಲ.

ಪರೀಕ್ಷೆ 2024ರ ಡಿಸೆಂಬರ್ 1ಕ್ಕೆ, ಕಲ್ಲಿಕೋಟೆಯಲ್ಲಿ. 4000 ರೂಪಾಯಿ ಅರ್ಜಿ ಫೀಸು ದುಬೈಯಲ್ಲಿರುವ ಮಾಮ ಕಟ್ಟಿದ್ದರು. ಕಾಸರಗೋಡಿನಿಂದ ಪರಶುರಾಮ ಎಕ್ಸ್‌ಪ್ರೆಸ್ಸಿನಲ್ಲಿ ನಾನೂ ಉಪ್ಪನೂ ಹೋದೆವು. ಉಮ್ಮ ಕೊಟ್ಟ ಪತ್ತಿರಿ ರೈಲಿನಲ್ಲಿ ತಿನ್ನಲಿಕ್ಕೆ ಆಗಲಿಲ್ಲ, ಹೊಟ್ಟೆಯೊಳಗೆ ಏನೋ ಗಂಟು. ಪೇಪರು 103 ಪ್ರಶ್ನೆವರೆಗೆ ಮುಟ್ಟಿದೆ. ನಾನು ಬಯಸಿದ ಕೊಚ್ಚಿಯ ಸೀಟಿಗೆ ರ‍್ಯಾಂಕ್ ಸಾಲಲಿಲ್ಲ. ಆ ವರ್ಷ ಉತ್ತರಗಳ ತಕರಾರು ದೆಹಲಿ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗಿ ಮೇ ತಿಂಗಳವರೆಗೆ ಎಳೆಯಿತು. ಕಾನೂನು ಪರೀಕ್ಷೆಯೇ ಕೋರ್ಟಿನಲ್ಲಿ ಅಂತ ಮನೆಯಲ್ಲಿ ನಗು. ತಕರಾರು ಮುಗಿದ ಮೇಲೂ ನನ್ನ ಭಾಗ್ಯ ಬದಲಾಗಲಿಲ್ಲ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡ 25 ಮೀಸಲು ಉಂಟಲ್ಲ, ನೀನು ಕನ್ನಡದವಳಲ್ವಾ ಅಂತ ಒಬ್ಬರು ಕೇಳಿದರು. ಅದಕ್ಕೆ ಕರ್ನಾಟಕದ ಶಾಲೆಗಳಲ್ಲಿ ಹತ್ತು ವರ್ಷ ಓದಿರಬೇಕು. ಹತ್ತು ವರ್ಷ ಕನ್ನಡದಲ್ಲಿ ಓದಿದ್ದು ಲೆಕ್ಕಕ್ಕಿಲ್ಲ, ತಲಪಾಡಿಯ ಈಚೆ ಓದಿದ್ದು ಲೆಕ್ಕ. ನಮ್ಮ ಮಕ್ಕಳಿಗೆ ಬೇರೆ ದಾರಿ ಉಂಟು, ಅದನ್ನು ಮರೆಯಬೇಡಿ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಪ್ರವೇಶ ಪರೀಕ್ಷೆ ಇಲ್ಲ. ಕೇರಳದಲ್ಲಿ ರಾಜ್ಯದ ಲಾ ಎಂಟ್ರೆನ್ಸ್ ಬೇರೆಯೇ ಉಂಟು, ನಾಲ್ಕು ಸರಕಾರಿ ಲಾ ಕಾಲೇಜುಗಳ ಸೀಟು ಅದರಲ್ಲಿ ಸಿಗುತ್ತದೆ. ಮುಸ್ಲಿಮರಿಗೆ ಶೇಕಡ 8 ಮೀಸಲಾತಿ ಇದೆ, ಆದರೆ ನಾನ್ ಕ್ರೀಮಿಲೇಯರ್ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಲ್ಲಿ ಬೇಗ ಅರ್ಜಿ ಹಾಕಿ, ಕೊನೆಯ ದಿನಕ್ಕೆ ಇಡಬೇಡಿ. ನನಗೆ ಕಲ್ಲಿಕೋಟೆಯ ಸರಕಾರಿ ಲಾ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದು ಆ ದಾರಿಯಲ್ಲಿ.

ಹಾಸ್ಟೆಲಿನಲ್ಲಿ ರೂಮ್‌ಮೇಟ್ ನನಗೆ ಮಲಯಾಳ ಅಕ್ಷರ ಕಲಿಸುತ್ತಿದ್ದಾಳೆ. ಮಾತು ಮೊದಲೇ ಗೊತ್ತಿರುವ ಕಾರಣ ಕೂಡಿಸಿ ಓದುವಾಗ ಒಮ್ಮೆಲೇ ಅರ್ಥ ಹೊಳೆಯುತ್ತದೆ. ಉಪ್ಪ ಈಗ ಯಾವ ಕಾಗದವನ್ನೂ ಸಾಲದ ಪುಸ್ತಕದಲ್ಲಿ ಇಡುವುದಿಲ್ಲ. ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕುತ್ತಾರೆ. ಕಳೆದ ವಾರ ಒಂದು ಬಂತು, ಮೇಲೆ ಸರಕಾರಿ ಮುದ್ರೆ. ಎದೆ ಧಸಕ್ಕೆಂದಿತು. ಕ್ಲಾಸು ಬಿಟ್ಟು ಮೆಟ್ಟಿಲ ಮೇಲೆ ಕೂತು ಅಕ್ಷರ ಅಕ್ಷರ ಓದಿದೆ, ಇಪ್ಪತ್ತು ನಿಮಿಷ ಹಿಡಿಯಿತು. ಕೃಷಿ ಭವನಕ್ಕೆ ತೆಂಗಿನ ಸಸಿ ಬಂದಿದೆಯಂತೆ. ಉಪ್ಪನಿಗೆ ಫೋನು ಮಾಡಿ ಹೇಳಿದೆ, ಶನಿವಾರ ಮೂರು ಗಂಟೆಯೊಳಗೆ ಹೋಗಿ ತನ್ನಿ, ಆಧಾರ್ ಕಾರ್ಡಿನ ನಕಲು ಮರೆಯಬೇಡಿ.