ಪೊಚಿಂಕಿಯ ಪಂಚಾಯ್ತಿ

ರಾತ್ರಿ ಹತ್ತಕ್ಕೆ ಇನ್ನೈದು ನಿಮಿಷ. ಬನಶಂಕರಿ ಎರಡನೇ ಹಂತ, ಮೂರನೇ ಮಹಡಿಯ ರೂಮು. ಮಂಚದ ಮೇಲೆ ಇಬ್ಬರು, ಚಾಪೆಯ ಮೇಲೆ ಇಬ್ಬರು. ನಾಲ್ಕು ಫೋನಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡು. ಬಾಗಿಲ ಬಳಿ ಚಪ್ಪಲಿ ಸರಿಸಿ ನೀವು ಕೂತಿದ್ದೀರಿ. ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದರೆ ಬಿಜಿಎಂಐನ ಸ್ಕ್ರಿಮ್ (ತಂಡಗಳ ಅಭ್ಯಾಸ ಪಂದ್ಯ) ಶುರುವಾಗುವ ಹೊತ್ತು. ಚಾಪೆಯ ಮೇಲಿನ ಒಬ್ಬನಿಗೆ ಇನ್ನೂ 18 ತುಂಬಿಲ್ಲ. 2023ರಲ್ಲಿ ಆಟ ಮರಳಿ ಬಂದಾಗ ಇಂಥವರಿಗೆ ದಿನಕ್ಕೆ ಮೂರೇ ಗಂಟೆ ಎಂದು ಕಟ್ಟು ಹಾಕಿದರು. ಸಂಜೆ ಆಡದೆ ಆ ಗಂಟೆಗಳನ್ನು ಇವನು ರಾತ್ರಿಗೆ ಉಳಿಸಿಕೊಂಡಿದ್ದಾನೆ.

“ಐಡಿ ಪಾಸ್ ಬಿತ್ತು ಕಣ್ರೋ!”

ಕಸ್ಟಮ್ ರೂಮಿನ ಐಡಿ, ಪಾಸ್‌ವರ್ಡ್ ಗ್ರೂಪಿಗೆ ಬಂದಿದೆ. 16 ತಂಡ, ತಂಡಕ್ಕೆ ನಾಲ್ವರು. ಗ್ರೂಪಿನಲ್ಲಿ ಕೊಟ್ಟ ಸ್ಲಾಟ್‌ನಲ್ಲೇ ಕೂರಬೇಕು, ಇಲ್ಲದಿದ್ದರೆ ಅಡ್ಮಿನ್ ಮುಲಾಜಿಲ್ಲದೆ ಕಿಕ್ ಮಾಡುತ್ತಾನೆ. ಎರಾಂಗೆಲ್ ಮ್ಯಾಪಿನ ಮೇಲೆ ವಿಮಾನ. ಅದರೊಳಗಿನ ಊರು ಪೊಚಿಂಕಿ ತಮ್ಮ ಕ್ಲ್ಯಾನ್‌ನದು ಎಂದು ಇವರ ವಾದ. ಬರೆದಿಟ್ಟ ಹಕ್ಕಲ್ಲ, ವಾರಗಟ್ಟಲೆ ಅಲ್ಲೇ ಇಳಿದು ರೂಢಿಸಿಕೊಂಡದ್ದು. ಇವತ್ತು ಬಿಟಿಎಂನವರೂ ಅಲ್ಲೇ ಇಳಿದಿದ್ದಾರೆ.

ಇವರಲ್ಲಿ ಇಬ್ಬರು ಬಿದ್ದರು. ಈ ಆಟದಲ್ಲಿ ರಕ್ತ ಹಸಿರು, ಕೊಂದರೆ ಹೆಸರು ‘ಫಿನಿಶ್’. ಹುಡುಗರು ಮಾತ್ರ ಕಿಲ್ ಅಂತಲೇ ಅನ್ನುತ್ತಾರೆ. ಉಳಿದಿಬ್ಬರು ಕಿಟಕಿಗೆ ಅಂಟಿಕೊಂಡು ನೋಡುತ್ತಿದ್ದಾಗ ಜೆಪಿ ನಗರದವರ ಜೀಪು ಬಿಟಿಎಂನವರ ಎದುರಿಗೇ ಹಾದುಹೋಯಿತು. ಒಂದು ಗುಂಡೂ ಹಾರಲಿಲ್ಲ. ಆಮೇಲೆ ಬಿಟಿಎಂನವರು ಒಳನುಗ್ಗಿ ಇವರಿಬ್ಬರನ್ನೂ ಮುಗಿಸಿದರು.

“ಟೀಮಿಂಗ್ ಮಗಾ! ರೆಕಾರ್ಡ್ ಆಯ್ತಾ?”

ಎರಡು ಕ್ಲ್ಯಾನ್ ಒಳಗೊಳಗೇ ಕೈಜೋಡಿಸುವುದಕ್ಕಿಂತ ದೊಡ್ಡ ತಪ್ಪು ಇಲ್ಲಿಲ್ಲ. ಕ್ಲಿಪ್ ಗ್ರೂಪಿಗೆ ಹೋಯಿತು. ವಾಯ್ಸ್ ಮೆಸೇಜುಗಳ ಮಳೆ. “ಹೀಲ್ ಹಾಕ್ತಿದ್ವಿ ಗುರು, ಯಾವನು ನಿಂಗೆ ಟೀಮಿಂಗ್ ಅಂದಿದ್ದು?” ಬಿಟಿಎಂನ ಪಿಜಿಯಿಂದ ಬಂದ ದನಿ. ಅಡ್ಮಿನ್ ಒಂದೇ ಸಾಲು ಟೈಪಿಸಿದ: ಎರಡೂ ತಂಡದ ಎಂಟೂ ಜನರ ಪಿಒವಿ, 11 ಗಂಟೆಯೊಳಗೆ. ಅಂದರೆ ಇಡೀ ಮ್ಯಾಚಿನ ಸ್ಕ್ರೀನ್ ರೆಕಾರ್ಡಿಂಗ್.

ಜೆಪಿ ನಗರದ ವಿಡಿಯೊ ಮೊದಲು ಬಂತು. ಲೀಡರ್ ಅದನ್ನು ಹಿಂದೆ ಮುಂದೆ ಎಳೆದು ಒಂದು ಕಡೆ ನಿಲ್ಲಿಸಿದ. ನೀವೂ ಬಗ್ಗಿ ನೋಡುತ್ತೀರಿ: ಪರದೆಯ ಕೆಳಗೆ ಎಂ416, ಪಕ್ಕದಲ್ಲಿ ಕೆಂಪು ಸೊನ್ನೆ. ಗುಂಡೇ ಇರಲಿಲ್ಲ. ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಬಿಟಿಎಂ ಕಡೆ ಒಬ್ಬನ ಫೋನಿನಲ್ಲಿ ಸ್ಟೋರೇಜ್ ತುಂಬಿ ರೆಕಾರ್ಡಿಂಗ್ ಅರ್ಧಕ್ಕೇ ನಿಂತಿತ್ತಂತೆ.

11.10ಕ್ಕೆ ತೀರ್ಪು. ಜೆಪಿ ನಗರ ಬಚಾವ್. ಬಿಟಿಎಂಗೆ ಆ ಮ್ಯಾಚಿನ ಪಾಯಿಂಟ್ ಪೂರ್ತಿ ಕಟ್, ಮೂರು ದಿನ ಸ್ಲಾಟ್ ಇಲ್ಲ. ಮೋಸಕ್ಕಲ್ಲ, ಪುರಾವೆ ಕೊಡದ್ದಕ್ಕೆ. ಬೈಗುಳ ಬಂದವು, ಆದರೆ ಗ್ರೂಪ್ ಬಿಟ್ಟು ಒಬ್ಬನೂ ಹೋಗಲಿಲ್ಲ. ನಾಲ್ಕನೇ ದಿನದ ಸ್ಲಾಟ್ ಬೇಕಲ್ಲ! ಅಡ್ಮಿನ್‌ಗೆ ಇರುವ ಅಧಿಕಾರವೂ ಅಷ್ಟೇ. ಆಟ ಮಾಡಿದ ಕ್ರಾಫ್ಟನ್ ಹ್ಯಾಕ್ ಹಾಕಿದವರ ಐಡಿ ಬ್ಯಾನ್ ಮಾಡೀತು. ಪೊಚಿಂಕಿ ಯಾರದೆಂದು ಕೇಳಿದರೆ ಉತ್ತರ ಸಿಗದು. ಹಾಗೆ ನೋಡಿದರೆ ಈ ಅಡ್ಮಿನ್ ವಾಸಿ, ಒಂದು ಗಡುವಾದರೂ ಕೊಟ್ಟ. 2022ರ ಜುಲೈ 28ರಂದು ಕೇಂದ್ರದ ಆದೇಶಕ್ಕೆ ಇದೇ ಆಟ ಪ್ಲೇ ಸ್ಟೋರ್‌ನಿಂದ ಮಾಯವಾದಾಗ ಆಡುವವರನ್ನು ಯಾರೂ ಏನೂ ಕೇಳಿರಲಿಲ್ಲ.

ಆದರೂ ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಕಸ್ಟಮ್ ರೂಮಿನಲ್ಲಿ ವೀಕ್ಷಕರಿಗೂ ಜಾಗವಿದೆ. ಅಡ್ಮಿನ್ ಅಲ್ಲಿ ಕೂತು ತಾನೇ ರೆಕಾರ್ಡ್ ಮಾಡಲಿ. ಸ್ಟೋರೇಜ್ ಇಲ್ಲದ ಹುಡುಗನ ಮೇಲೆ ಸಾಕ್ಷಿಯ ಹೊರೆ ಹಾಕುವುದು ಬೇಡ.