ಮಿತಭಾಷಿಯ ಕವಚ

ಮಾತು ಬಲ್ಲವನಿಗೆ ಲೋಕದಲ್ಲಿ ಮನ್ನಣೆ ಹೆಚ್ಚು. ನಾಲ್ವರ ನಡುವೆ ಸುಮ್ಮನೆ ಕುಳಿತವನನ್ನು ಜನರು ದಡ್ಡನೆಂದೋ ಗರ್ವಿಯೆಂದೋ ಎಣಿಸುವುದುಂಟು. ತರಗತಿಯಲ್ಲಿ ಉತ್ತರ ತಿಳಿದಿದ್ದರೂ ಎದ್ದು ನಿಲ್ಲಲಾರದ ಹುಡುಗನು ಮನೆಯ ದಾರಿಯಲ್ಲಿ ಅದೇ ಉತ್ತರವನ್ನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ತಾನೇಕೆ ಎಲ್ಲರಂತಿಲ್ಲವೆಂದು ಕೊರಗುತ್ತಾನೆ. ಇಂತಹ ಸಂಕೋಚವು ಮಹಾತ್ಮ ಗಾಂಧೀಜಿಯವರನ್ನೂ ಬಹುಕಾಲ ಕಾಡಿತ್ತು.

ಬಾಲಕ ಮೋಹನದಾಸನು ಯಾರಾದರೂ ಮಾತನಾಡಿಸಿಯಾರೆಂಬ ಅಂಜಿಕೆಯಿಂದ ಶಾಲೆ ಬಿಟ್ಟೊಡನೆ ಮನೆಗೆ ಓಡಿಬಿಡುತ್ತಿದ್ದನು. ಕಾನೂನು ಕಲಿಯಲು 1888ರಲ್ಲಿ ಲಂಡನ್ನಿಗೆ ಹೋದ ಮೇಲೂ ಈ ಸ್ವಭಾವ ಬದಲಾಗಲಿಲ್ಲ. ಅಲ್ಲಿನ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಅವರು ಸದಸ್ಯರಾಗಿದ್ದರು. ಆದರೆ ಸಭೆಗಳಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಒಮ್ಮೆ ಡಾಕ್ಟರ್ ಆಲಿನ್‌ಸನ್ ಎಂಬುವರನ್ನು, ಅವರ ವಿಚಾರಗಳು ಅಧ್ಯಕ್ಷರಿಗೆ ಸಮ್ಮತವಾಗದ ಕಾರಣ, ಸಂಘದಿಂದ ಹೊರಹಾಕುವ ಪ್ರಶ್ನೆ ಬಂದಿತು. ಆ ವಿಚಾರಗಳು ಗಾಂಧೀಜಿಯವರಿಗೂ ಒಪ್ಪಿಗೆಯಾಗಿರಲಿಲ್ಲ. ಆದರೂ ಅದಕ್ಕಾಗಿ ಒಬ್ಬ ಸಸ್ಯಾಹಾರಿಯನ್ನು ಹೊರದೂಡುವುದು ಅನ್ಯಾಯವೆಂದು ಅವರಿಗೆ ತೋರಿತು. ಮಾತನಾಡಲು ಧೈರ್ಯ ಸಾಲದೆ ತಮ್ಮ ವಾದವನ್ನು ಬರೆದುಕೊಂಡು ಹೋದರು. ಅದನ್ನು ಓದಲೂ ಅವರಿಂದಾಗಲಿಲ್ಲ, ಮತ್ತೊಬ್ಬರಿಂದ ಓದಿಸಬೇಕಾಯಿತು. ಆಲಿನ್‌ಸನ್ನರ ಪಕ್ಷ ಸೋತಿತು. ಆದರೆ ನ್ಯಾಯದ ಪರವಾಗಿ ನಿಂತೆನೆಂಬ ಸಮಾಧಾನ ಗಾಂಧೀಜಿಯವರಿಗೆ ಉಳಿಯಿತು.

ಬ್ಯಾರಿಸ್ಟರಾಗಿ ಮರಳಿದ ಮೇಲೆ ಮುಂಬಯಿಯ ನ್ಯಾಯಾಲಯವೊಂದರಲ್ಲಿ ಸಾಕ್ಷಿಯನ್ನು ಪ್ರಶ್ನಿಸಲು ಎದ್ದರು. ಎದೆ ನಡುಗಿತು, ತಲೆ ತಿರುಗಿದಂತಾಯಿತು. ಒಂದು ಪ್ರಶ್ನೆಯೂ ಹೊಳೆಯದೆ ಕುಳಿತುಬಿಟ್ಟರು. 30 ರೂಪಾಯಿಗೆ ಒಪ್ಪಿಕೊಂಡಿದ್ದ ಆ ಮೊಕದ್ದಮೆಯನ್ನು ಬೇರೆ ವಕೀಲರಿಗೆ ಒಪ್ಪಿಸಬೇಕಾಯಿತು.

ಅದೇ ವ್ಯಕ್ತಿ 1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಭಾರತೀಯರ ಸಭೆ ಕರೆದು, ವ್ಯಾಪಾರದಲ್ಲಿ ಸತ್ಯವನ್ನು ಪಾಲಿಸುವ ವಿಷಯವಾಗಿ ಮಾತನಾಡಿದರು. ಅವರ ಸ್ವಭಾವ ಬದಲಾಗಿರಲಿಲ್ಲ. ಹೇಳಲೇಬೇಕಾದ ಮಾತೊಂದು ದೊರೆತಿತ್ತು. ತಮ್ಮವರ ಕಷ್ಟವನ್ನು ಕಣ್ಣಾರೆ ಕಂಡವರಿಗೆ ತಮ್ಮ ಅಳುಕು ದೊಡ್ಡದಾಗಿ ಕಾಣಲಿಲ್ಲ.

ಸಂಕೋಚವು ತಮ್ಮನ್ನು ಎಂದೂ ಪೂರ್ಣವಾಗಿ ಬಿಟ್ಟುಹೋಗಲಿಲ್ಲವೆಂದು ಗಾಂಧೀಜಿ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ಅದಕ್ಕಾಗಿ ಅವರು ಮರುಗಲಿಲ್ಲ. ಮಾತನ್ನು ತೂಗಿ ಆಡುವುದನ್ನು ಕಲಿಸಿದ ಆ ಗುಣವನ್ನು ತಮ್ಮ ಕವಚವೆಂದೇ ಬಗೆದರು. ಮುಂದೆ ಸೋಮವಾರಗಳಂದು ಮೌನವ್ರತವನ್ನೂ ಆಚರಿಸಿದರು.

ಎಲ್ಲರೂ ವಾಚಾಳಿಗಳಾಗಬೇಕಾಗಿಲ್ಲ. ಏಕಾಂತವನ್ನು ಬಯಸುವ ಮನಸ್ಸು ರೋಗವಲ್ಲ, ದೋಷವೂ ಅಲ್ಲ. ಅದನ್ನು ತನ್ನದೆಂದು ಒಪ್ಪಿಕೊಂಡವನಿಗೆ ಅರ್ಧ ಕೊರಗು ಅಲ್ಲಿಗೇ ತೀರುತ್ತದೆ. ಆದರೆ ಅನ್ಯಾಯದ ಎದುರಿನಲ್ಲಿ ಮೌನವು ನೆಪವಾಗಬಾರದು. ನಾಲಗೆ ಏಳದಿದ್ದರೆ, ಬರೆದು ಕೊಟ್ಟಾದರೂ ಸತ್ಯವನ್ನು ಸಭೆಗೆ ಮುಟ್ಟಿಸಬೇಕು.