ಪ್ರಯೋಗದ ಮೇಜು ಮತ್ತು ಕುರ್ಚಿ

ಒಳ್ಳೆಯ ಮೇಷ್ಟ್ರೊಬ್ಬರು ಹೆಡ್‌ಮೇಷ್ಟ್ರಾದರೆ ಊರಿಗೆಲ್ಲ ಸಂತೋಷ, ನಷ್ಟವೇನಿದ್ದರೂ ಹುಡುಗರಿಗೆ. ಬೀಜಗಣಿತವನ್ನು ಕಥೆಯಂತೆ ಹೇಳುತ್ತಿದ್ದವರು ಅಂದಿನಿಂದ ಹಾಜರಿ ಪುಸ್ತಕ, ಸಂಬಳದ ಪಟ್ಟಿ, ಸುಣ್ಣ ಬಳಿದವನ ಬಿಲ್ಲು ಇವುಗಳಲ್ಲಿ ಮುಳುಗಿಹೋಗುತ್ತಾರೆ. ವಿಜ್ಞಾನಿಗಳ ಪಾಡೂ ಇದೇ ಅಲ್ಲವೆ? ಪ್ರಯೋಗಶಾಲೆಯಲ್ಲಿ ಹೆಸರು ಮಾಡಿದವನಿಗೆ ನಾವು ಕೊಡುವ ದೊಡ್ಡ ಬಹುಮಾನವೆಂದರೆ, ಅವನನ್ನು ಅಲ್ಲಿಂದ ಎಬ್ಬಿಸಿ ತಂದು ಕುರ್ಚಿಯ ಮೇಲೆ ಕೂರಿಸುವುದು.

ಈ ಪ್ರಶ್ನೆ ನಮ್ಮ ಮನೆಗೇ ಬಂದಿತು. ನಮ್ಮದು ಹರವೆ, ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಮಳೆ ನಂಬಿದ ಸೀಮೆ. ಅಣ್ಣನ ಮಗ ಭೌತಶಾಸ್ತ್ರ ಓದಿ ಒಂದು ಸಂಶೋಧನಾಲಯದಲ್ಲಿದ್ದಾನೆ. ವಿಭಾಗದ ಮುಖ್ಯಸ್ಥನಾಗೆಂದು ಅವನಿಗೆ ಕರೆ ಬಂದಿತು. “ಚಿಕ್ಕಪ್ಪ, ಒಪ್ಪಿಕೊಂಡರೆ ನನ್ನ ಕೆಲಸ ಅಲ್ಲಿಗೆ ಮುಗೀತು. ಏನು ಮಾಡಲಿ?” ಎಂದು ಕೇಳಿದ. ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ನಾನು ಅವನ ಪಾಲಿಗೆ ಬಲ್ಲವನು. ಉತ್ತರ ಹುಡುಕುತ್ತಿದ್ದಾಗ ನೆನಪಿಗೆ ಬಂದವರು ಯು. ಆರ್. ರಾಯರು.

ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಈ ರಾಮಚಂದ್ರ ರಾಯರು ಮೊದಲಿಗೆ ಅಪ್ಪಟ ಭೌತವಿಜ್ಞಾನಿ. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಕೈಕೆಳಗೆ ವಿಶ್ವಕಿರಣಗಳನ್ನು ಅಭ್ಯಾಸ ಮಾಡಿದರು. ಅಮೆರಿಕೆಗೆ ಹೋಗಿ, ಅಲ್ಲಿನ ಪಯೋನಿಯರ್ ನೌಕೆಗಳಲ್ಲಿ ಉಪಕರಣಗಳನ್ನಿರಿಸಿ, ಸೂರ್ಯನಿಂದ ಹೊರಟು ಬರುವ ಕಣಗಳ ಜಾಡು ಹಿಡಿದರು. 1966ರಲ್ಲಿ ತಾಯ್ನಾಡಿಗೆ ಮರಳಿದರು. 1972ರಲ್ಲಿ ಭಾರತದ ಮೊದಲ ಉಪಗ್ರಹವನ್ನು ಕಟ್ಟುವ ಹೊಣೆ ಅವರ ಹೆಗಲೇರಿತು.

ಕಟ್ಟುವುದಾದರೂ ಎಲ್ಲಿ? ಬೆಂಗಳೂರಿನ ಪೀಣ್ಯದ ಕಾರ್ಖಾನೆ ಷೆಡ್ಡುಗಳಲ್ಲಿ. ಉಪಗ್ರಹವನ್ನು ಕಣ್ಣಿನಿಂದ ಕಂಡಿರದ ಹುಡುಗರೇ ಹೆಚ್ಚಿನ ಕೆಲಸಗಾರರು. ಜಾಗ ಸಾಲದೆ, ಒಂದು ಶೌಚಾಲಯವನ್ನೇ ಉಪಗ್ರಹದ ಸಂದೇಶ ಪಡೆಯುವ ಕೋಣೆಯಾಗಿ ಮಾರ್ಪಡಿಸಿಕೊಂಡರು. ಹೀಗೆ ಹುಟ್ಟಿದ 360 ಕಿಲೋ ತೂಕದ ‘ಆರ್ಯಭಟ’ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಆಕಾಶಕ್ಕೇರಿತು.

ನನ್ನ ಮನಸ್ಸನ್ನು ಬಹಳವಾಗಿ ತಟ್ಟಿದ ಸಂಗತಿ ಅದರ ಮುಂದಿನದು. ಆರ್ಯಭಟನ ಒಡಲಲ್ಲಿ ಮೂರು ವಿಜ್ಞಾನ ಪ್ರಯೋಗಗಳಿದ್ದುವು. ಆಕಾಶದಿಂದ ಬರುವ ಕ್ಷ-ಕಿರಣಗಳನ್ನು ಅಳೆಯುವುದು ಅವುಗಳಲ್ಲೊಂದು. ನಾಲ್ಕೈದು ದಿನ ಕಳೆಯುವಷ್ಟರಲ್ಲಿ, ಪ್ರಯೋಗಗಳಿಗೆ ವಿದ್ಯುತ್ತು ಒದಗಿಸುವ ಭಾಗ ಕೆಟ್ಟು ಅವೆಲ್ಲ ನಿಂತುಹೋದುವು. ಉಪಗ್ರಹ ಮಾತ್ರ ವರ್ಷಗಟ್ಟಲೆ ಬದುಕಿ ಸಂದೇಶ ಕಳಿಸುತ್ತಿದ್ದಿತು. ಪ್ರಯೋಗಕ್ಕಾಗಿಯೇ ಬಾಳಿದವನಿಗೆ ಇದು ದೊಡ್ಡ ನಷ್ಟ. ಉಪಗ್ರಹ ಕಟ್ಟುವ ವಿದ್ಯೆಯನ್ನು ನಾಡಿಗೆ ಕಲಿಸಹೊರಟವನಿಗೆ ದೊಡ್ಡ ಲಾಭ. ಒಬ್ಬರೇ ರಾಯರಲ್ಲಿ ಇವರಿಬ್ಬರೂ ಇದ್ದರು. ಮುಂದಣ ದಾರಿಯನ್ನು ಹಿಡಿದವನು ಎರಡನೆಯವನು.

ಆದರೆ ಮೊದಲನೆಯವನು ಸತ್ತನೆ? ಇಲ್ಲವೆಂದೇ ನನ್ನ ಎಣಿಕೆ. ರಾಯರು 1984ರಿಂದ ಹತ್ತು ವರ್ಷ ಇಸ್ರೊದ ಅಧ್ಯಕ್ಷರು. ಆ ಅವಧಿಯಲ್ಲಿ ಎ.ಎಸ್.ಎಲ್.ವಿ. ರಾಕೆಟ್ಟು 1987ರಲ್ಲಿ ಸಮುದ್ರಕ್ಕೆ ಬಿದ್ದಿತು. 1988ರಲ್ಲಿ ಮತ್ತೆ ಬಿದ್ದಿತು. ಪತ್ರಿಕೆಗಳಿಗೆ ಅದು ಸೋಲು. ಭೌತವಿಜ್ಞಾನಿಗೆ ಅದು ಎಣಿಕೆಗೆ ಒಪ್ಪದ ಒಂದು ಅಳತೆ, ಎಲ್ಲಿ ತಪ್ಪಿತೆಂದು ಹುಡುಕಬೇಕಾದ ಲೆಕ್ಕ. ಹುಡುಕಿದರು, ತಿದ್ದಿದರು, 1992ರ ಮೇ ತಿಂಗಳಿನಲ್ಲಿ ರಾಕೆಟ್ಟು ಗುರಿ ಮುಟ್ಟಿತು. ನೆಲವನ್ನು ನೋಡುವ ನಮ್ಮ ಐ.ಆರ್.ಎಸ್. ಉಪಗ್ರಹಗಳಲ್ಲಿ ಮೊದಲನೆಯದು ಏರಿದ್ದೂ ಅವರ ಕಾಲದಲ್ಲಿಯೇ, 1988ರಲ್ಲಿ. 2019ರ ಫೆಬ್ರುವರಿಯಲ್ಲಿ ನಮ್ಮ ಪಕ್ಕದ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದಾಗ, ಸುಟ್ಟುಹೋದ ಕಾಡೆಷ್ಟೆಂದು ಲೆಕ್ಕ ಹಾಕಿದ್ದು ಉಪಗ್ರಹದ ಚಿತ್ರಗಳಿಂದ.

ಇದನ್ನೆಲ್ಲ ಹರವೆಯ ಮನೆಯ ಜಗಲಿಯಲ್ಲಿ ಕುಳಿತು ಹೇಳುತ್ತಿದ್ದೆ. ಅಣ್ಣ ಎಲೆಗೆ ಸುಣ್ಣ ಹಚ್ಚುತ್ತ ಕೇಳುತ್ತಿದ್ದವನು, “ಅಲ್ಲ ಕಣೋ, ಎಲ್ರೂ ಅವರವರ ಹೊಲ ನೋಡ್ಕಂಡು ಕುಂತ್ರೆ ಕೆರೆ ಹೂಳು ಎತ್ಸೋರು ಯಾರು?” ಎಂದ. ಮಗನ ಕಡೆ ತಿರುಗಿ, “ಆದ್ರೆ ಒಂದು ತಿಳ್ಕೊ. ಊರ ಕೆರೆಗೆ ನಿಂತೋನ ಹೊಲದಾಗೆ ಆ ವರ್ಷ ಕಳೆ ಬೆಳೀತದೆ. ಅದನ್ನ ಯಾರೂ ಬಂದು ಕಿತ್ತುಕೊಡಾಕಿಲ್ಲ” ಎಂದ.

ನಾನು ಮೂವತ್ತು ವರ್ಷ ಪಾಠ ಹೇಳಿದವನು. ಇಷ್ಟು ಅಡಕವಾಗಿ ಹೇಳಲಾರೆ. ಕುರ್ಚಿ ಹಿಡಿದವನಿಗೆ ನಷ್ಟವೇ ಇಲ್ಲವೆನ್ನುವುದು ಸುಳ್ಳು ಸಮಾಧಾನ. ನಷ್ಟವಿದೆ; ಅದನ್ನು ಅರಿತೇ ಕೂರಬೇಕು. ಕೂತವನು ತನ್ನ ಹಿಂದೆ ಎಷ್ಟು ಮಂದಿಗೆ ಪ್ರಯೋಗದ ಮೇಜು ಒದಗಿಸಿದನೆಂಬುದೇ ಆಮೇಲಿನ ಲೆಕ್ಕ.

ರಾಯರು 2017ರಲ್ಲಿ ತೀರಿಕೊಂಡರು. 2023ರ ಸೆಪ್ಟೆಂಬರಿನಲ್ಲಿ ‘ಆದಿತ್ಯ-ಎಲ್1’ ಸೂರ್ಯನನ್ನು ಅಭ್ಯಾಸ ಮಾಡಲು ಹೊರಟಿತು. ಆ ನೌಕೆಯಲ್ಲಿ ಸೌರಕಣಗಳನ್ನು ಅಳೆಯುವ ಒಂದು ಉಪಕರಣವನ್ನು ಮಾಡಿಕೊಟ್ಟದ್ದು, ಅವರು ತರುಣರಾಗಿದ್ದಾಗ ದುಡಿದ ಅದೇ ಅಹಮದಾಬಾದಿನ ಪ್ರಯೋಗಾಲಯ. ಅವರು ಬಿಟ್ಟುಬಂದ ಹೊಲವನ್ನು ಬೇರೆಯವರು ಉಳುತ್ತಿದ್ದರು.

ಅಣ್ಣನ ಮಗ ಒಪ್ಪಿಗೆ ಪತ್ರ ಬರೆದಿದ್ದಾನೆ. ವಾರಕ್ಕೊಂದು ಬೆಳಗ್ಗೆ ತನ್ನ ಹಳೆಯ ಮೇಜನ್ನು ತನಗೇ ಬಿಟ್ಟಿರಬೇಕೆಂದು ಕೆಳಗೆ ಒಂದು ಸಾಲು ಸೇರಿಸಿದ್ದಾನಂತೆ. ಅದಕ್ಕಿನ್ನೂ ಮೇಲಿನಿಂದ ಜವಾಬು ಬಂದಿಲ್ಲ.